ಆಯಮ್ಮ ಹುಳ ಮೇಯಿಸಿದ್ಲಾ?

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಯಾರಿಗೂ ನಿಧಾನವಿಲ್ಲ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಬೆಳಕು ಹರಿಯುವ ಹೊತ್ತಿಗೆ ಟೆಂಪೊಗಳು ಸಾಲುಗಟ್ಟಿರುತ್ತವೆ. ನೂಲು ತೆಗೆಯುವ ರೀಲರುಗಳು ಸುರಿದ ಗೂಡಿನಲ್ಲಿ ಕೈಯಾಡಿಸುತ್ತಾರೆ, ಒಂದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ, ಇನ್ನೊಂದನ್ನು ಹಿಸುಕಿ ನೋಡಿ ಮುಂದಿನ ಲಾಟಿಗೆ ಹೋಗುತ್ತಾರೆ. ಮೊದಲು ಕೂಗಿ ಹರಾಜು ಹಾಕುತ್ತಿದ್ದರು, ಈಗ ಮೊಬೈಲಿನಲ್ಲೇ ಇ-ಹರಾಜು. ಅವಸರ ಮಾತ್ರ ಹಾಗೇ ಇದೆ. ಗೂಡಿನೊಳಗೆ ಜೀವ ಇರುವುದೇ ಆ ಅವಸರಕ್ಕೆ ಕಾರಣ. ಹುಳು ನೂಲು ಸುತ್ತಿಕೊಂಡ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆಯಾಗಿ ಗೂಡಿನ ತುದಿಯನ್ನು ತೋಯಿಸಿ, ತೂತು ಮಾಡಿ ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದನೆಯ ಎಳೆ ತೆಗೆಯಲಾಗದು. ಆದ್ದರಿಂದ ಅದು ಹೊರಗೆ ಬರುವ ಮೊದಲೇ ಬಿಡಿಸಬೇಕು, ಮಾರಬೇಕು, ಹಬೆಗಿಟ್ಟು ಕೊಲ್ಲಬೇಕು. ರಾಮನಗರದ ಇಡೀ ವ್ಯವಹಾರ ಆ ಕೆಲವೇ ದಿನಗಳ ಒಳಗೆ ನಡೆಯುವಂಥದ್ದು.

ನಾನು ಹುಟ್ಟಿದ ಮಾಗಡಿ ಕಡೆ ಇದು ತಿರುವುಮುರುವು. ಮಾಗಡಿ, ಕುಣಿಗಲ್ ಸೀಮೆ ಮೈಸೂರು ತಳಿಯ ಬಿತ್ತನೆ ವಲಯ. 1959ರ ರೇಷ್ಮೆ ಕಾಯ್ದೆಯ ಪ್ರಕಾರ ಬಿತ್ತನೆ ವಲಯದಲ್ಲಿ ರೈತರು ಬೇಕಾದ ತಳಿ ಸಾಕುವ ಹಾಗಿಲ್ಲ, ಗೊತ್ತುಮಾಡಿದ ಬಿತ್ತನೆ ತಳಿಯನ್ನೇ ಸಾಕಬೇಕು. ನಮ್ಮಲ್ಲಿ ಬೆಳೆದ ಗೂಡು ನೂಲಿಗೆ ಹೋಗುತ್ತಿರಲಿಲ್ಲ, ಮೊಟ್ಟೆಗೆ ಹೋಗುತ್ತಿತ್ತು. ಚಿಟ್ಟೆ ಹೊರಗೆ ಬರಲೇಬೇಕು, ಬಂದರೇ ದುಡ್ಡು. ಮಾಗಡಿಗೂ ರಾಮನಗರಕ್ಕೂ ನಡುವೆ ಒಂದು ಬಸ್ಸಿನ ದಾರಿ ಅಷ್ಟೆ. ಜಿಲ್ಲೆಯೂ ಒಂದೇ, ಸರ್ಕಾರ 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿದೆ. ಆದರೆ ಒಂದು ಕಡೆ ಗೂಡು ಹೆರಿಗೆ ಮನೆ, ಇನ್ನೊಂದು ಕಡೆ ಮಸಣ.

ನಮ್ಮವ್ವ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋಗಿ ಒಂದು ಮೂಲೆಯಲ್ಲಿ ಕೂರಿಸುತ್ತಿದ್ದಳು. ಚಿಟ್ಟೆಗಳು ಹೊರಬೀಳುವುದು ಬೆಳಗಿನ ಜಾವ. ಮೊದಲು ಗೂಡಿನ ತುದಿ ಒದ್ದೆಯಾಗುತ್ತದೆ, ಒಂದು ಬೆವರಿನ ಹನಿ ಬಿದ್ದಷ್ಟು. ಆಮೇಲೆ ಎಳೆಗಳು ಜರುಗಿ ತಲೆ ಕಾಣುತ್ತದೆ, ಮುಂಗಾಲು ಕಾಣುತ್ತದೆ, ಮುದುಡಿದ ರೆಕ್ಕೆಯ ಜೀವ ತನ್ನನ್ನು ತಾನೇ ಎಳೆದುಕೊಂಡು ಈಚೆ ಬೀಳುತ್ತದೆ. ಅರೆಗಳಿಗೆಯಲ್ಲಿ ರೆಕ್ಕೆ ಒಣಗಿ ಅಗಲವಾಗುತ್ತದೆ. ರೆಕ್ಕೆ ಇದ್ದೂ ಹಾರಲಾರದು. ಏನನ್ನೂ ತಿನ್ನದು. ಗಂಡು ಚಿಕ್ಕದು, ರೆಕ್ಕೆ ಬಡಿಯುತ್ತ ಸುತ್ತುತ್ತಲೇ ಇರುತ್ತದೆ. ಹೆಣ್ಣು ಹೊಟ್ಟೆ ಹೊತ್ತು ಕೂತಲ್ಲೇ ಕೂತಿರುತ್ತದೆ. ಮೈಸೂರು ಹೆಣ್ಣಿಗೆ ದ್ವಿತಳಿ ಗಂಡನ್ನು ಜೋಡಿ ಮಾಡಿ, ಮೂರು ನಾಲ್ಕು ಗಂಟೆ ಬಿಟ್ಟು, ನಾಜೂಕಾಗಿ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲಿಟ್ಟು ಕಪ್ಪು ಪ್ಲಾಸ್ಟಿಕ್ ಬಟ್ಟಲು ಮುಚ್ಚುತ್ತಿದ್ದರು. ಕತ್ತಲಲ್ಲಿ ಅದು ಮೊಟ್ಟೆಯಿಡಬೇಕು. ಬಿಡಿಸುವ ಕೆಲಸದಲ್ಲಿ ಅವ್ವನದು ಪಳಗಿದ ಕೈ. ಒರಟಾಗಿ ಎಳೆದರೆ ಹೆಣ್ಣಿಗೆ ಪೆಟ್ಟಾಗುತ್ತದೆ, ಮೊಟ್ಟೆ ಕೆಡುತ್ತದೆ.

ಮಾರನೆಯ ದಿನ ಬಟ್ಟಲು ಎತ್ತಿದರೆ ಹಾಳೆಯ ಮೇಲೆ ಸಾಸಿವೆಗಿಂತ ಸಣ್ಣ ತಿಳಿಹಳದಿ ಮೊಟ್ಟೆಗಳು, ಸುಮಾರು ನಾನೂರು. ಪಕ್ಕದಲ್ಲಿ ಹೊಟ್ಟೆ ಬರಿದಾದ ತಾಯಿ. ಆ ತಾಯಿಯನ್ನು ತೆಗೆದುಕೊಂಡು ಹೋಗಿ ಪುಟ್ಟ ಕಲ್ಲಲ್ಲಿ ಹಾಕಿ ಅರೆದು, ಒಂದು ತೊಟ್ಟು ರಸವನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಗಂಟುರೋಗ ತಾಯಿಯಿಂದ ಮೊಟ್ಟೆಗೆ ಬರುತ್ತದೆ. ತಾಯಿಯಲ್ಲಿ ಅದರ ಕಣ ಕಂಡರೆ ಅವಳ ಅಷ್ಟೂ ಮೊಟ್ಟೆ ಬೆಂಕಿಗೆ. ಈ ಪರೀಕ್ಷೆಯನ್ನು ರೂಢಿಗೆ ತಂದವನು ಲೂಯಿ ಪಾಶ್ಚರ್. 1865ರಿಂದ ಕೆಲವು ವರ್ಷ ದಕ್ಷಿಣ ಫ್ರಾನ್ಸಿನಲ್ಲಿ ಅವನು ಹುಳುಗಳ ಜೊತೆ ಕೂತಿದ್ದ. ಆ ಕೆಲಸಕ್ಕೆ ಕೈಹಾಕಿದ ಒಂದು ವರ್ಷದೊಳಗೆ ಅವನ ತಂದೆ ತೀರಿಕೊಂಡರು, ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು. ಇದನ್ನೆಲ್ಲ ನಾನು ಓದಿದ್ದು ಬಹಳ ಆಮೇಲೆ. ಆಗ ನನಗೆ ಗೊತ್ತಿದ್ದದ್ದು ಅವ್ವ ಮನೆಗೆ ಬಂದಾಗ ಅವಳ ಸೀರೆಯ ಮೇಲೆ ಚಿಟ್ಟೆಯ ರೆಕ್ಕೆಯ ಬಿಳಿ ಪುಡಿ ಇರುತ್ತಿತ್ತು ಎಂಬುದು. ಅದು ಮೂಗಿಗೆ ಹೋದರೆ ಕೆಮ್ಮು ಬರುತ್ತಿತ್ತು. ಕೋಠಿಯ ಹೆಂಗಸರೆಲ್ಲ ಕೆಮ್ಮುತ್ತಿದ್ದರು.

ಅಪ್ಪನ ತಂಗಿಯನ್ನು ಕನಕಪುರದ ಕಡೆ ಕೊಟ್ಟಿತ್ತು. ಅತ್ತೆಯ ಮನೆಯಲ್ಲಿ ಮೇಯಿಸುತ್ತಿದ್ದದ್ದು ಅಂಥ ಜೋಡಿಯಿಂದ ಬಂದ ಮಿಶ್ರತಳಿ ಹುಳು. ಹಳದಿ ಗೂಡು ರಾಮನಗರಕ್ಕೆ ಹೋಗುತ್ತಿತ್ತು. ಒಮ್ಮೆ ಮಾವನ ಜೊತೆ ನಾನೂ ಮಾರುಕಟ್ಟೆಗೆ ಹೋದೆ. ಲಾಟು ಹೋದ ಮೇಲೆ ಮಾವ ಪರಿಚಯದ ರೀಲರೊಬ್ಬರ ಮನೆಗೆ ಕರೆದುಕೊಂಡು ಹೋದರು. ಮನೆಯ ಹಿಂದೆಯೇ ಶೆಡ್ಡು. ಒಳಗೆ ಹಬೆ, ಬೆಂದ ಹುಳುವಿನ ನಾತ. ಕುದಿಯುವ ನೀರಿನಲ್ಲಿ ಗೂಡು ತೇಲುತ್ತಿದ್ದವು. ಒಬ್ಬ ಹೆಂಗಸು ಬೆರಳ ತುದಿಯಲ್ಲಿ ಎಳೆ ಹುಡುಕಿ ಹಿಡಿದು ಮೇಲಿನ ಕೊಕ್ಕೆಗೆ ಸೇರಿಸುತ್ತಿದ್ದಳು. ಬೆರಳುಗಳು ಬಿಸಿನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಎಳೆ ಬಿಚ್ಚಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಗೂಡು ತೆಳ್ಳಗಾಗಿ, ಒಳಗಿನ ಕಂದು ಹುಳು ಮಬ್ಬಾಗಿ ಕಂಡು, ಕೊನೆಗೆ ಬೆತ್ತಲೆಯಾಗಿ ನೀರಿನ ತಳಕ್ಕೆ ಇಳಿಯುತ್ತಿತ್ತು. ಬುಟ್ಟಿಯಲ್ಲಿ ಅಂಥವನ್ನು ರಾಶಿ ಹಾಕಿದ್ದರು, ಕೋಳಿ ಮೇವಿಗೆ, ಎಣ್ಣೆಗೆ. ಒಂದೂ ಚಿಟ್ಟೆಯಾಗಿರಲಿಲ್ಲ. ರೀಲರು ನನಗೆ ಸಿಹಿ ಚಹಾ ಕೊಟ್ಟು, ಓದುತ್ತಿದ್ದೀಯಾ ಅಂತ ಕೇಳಿದರು. ಊರಿಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. “ಊ ಕಣ್ಮಗ, ಅಲ್ಲಿ ಅಂಗೇಯ” ಅಂದಳು, ಅಷ್ಟೇ.

ಕನಕಪುರದ ಅತ್ತೆಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣನಿದ್ದಾನೆ, ಕೈಯಲ್ಲಿ ಬೆಣ್ಣೆ ಹಿಡಿದವನು. ಮಕ್ಕಳಿಲ್ಲದವರು ಅಲ್ಲಿಗೆ ಬೆಣ್ಣೆ ಒಪ್ಪಿಸಿ, ತೊಟ್ಟಿಲ ಹರಕೆ ಹೊತ್ತು ಬರುತ್ತಾರೆ. ಪುರಂದರದಾಸರು ಜಗವನ್ನೇ ಸಲಹುವವನನ್ನು ಯಶೋದೆ ಆಡಿಸಿದ ತಮ್ಮ ಪ್ರಸಿದ್ಧ ಕೀರ್ತನೆಯನ್ನು ಈ ಮೂರ್ತಿಯ ಮುಂದೆಯೇ ಹಾಡಿದರೆಂದು ಪ್ರತೀತಿ. ಅತ್ತೆಯ ಹರಕೆ ಫಲಿಸಿತು. ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಚನ್ನಪಟ್ಟಣದಿಂದ ತಂದ ಅರಗಿನ ಬಣ್ಣದ ಗಿಲಕಿಗಳನ್ನು ತೊಟ್ಟಿಲಿಗೆ ಕಟ್ಟಿ ಅಜ್ಜಿ ಜೋಗುಳ ಹಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ. ಅವಳ ಜೋಗುಳದಲ್ಲಿ ಬರುತ್ತಿದ್ದದ್ದೆಲ್ಲ ಮನೆಯ ಸಂಗತಿಗಳೇ: ಸೋದರಮಾವ ಏನು ತರುತ್ತಾನೆ, ಯಾವ ಹಸು ಕರೆದಿದೆ, ಅಪ್ಪ ಯಾವ ಹಾದಿಯಲ್ಲಿ ಬರುತ್ತಾನೆ. ಮಗು ಯಾವುದರ ಹಾಗಿದೆ ಎನ್ನುವುದಕ್ಕಿಂತ ಮಗುವಿಗೆ ಏನೇನು ಬೇಕು ಎನ್ನುವುದೇ ಅಲ್ಲಿ ಹೆಚ್ಚು.

ಆ ಅಜ್ಜಿ ತೀರಿಕೊಂಡದ್ದು ಮನೆಯಲ್ಲಿ ಹುಳು ನಾಲ್ಕನೇ ಜ್ವರ, ಎಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದಾಗ. ಹುಳು ಸಾಕಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲಿಗಿಂತ ಜಾಸ್ತಿಯನ್ನು ನಾಲ್ಕನೇ ಜ್ವರದ ನಂತರದ ಒಂದು ವಾರದಲ್ಲೇ ತಿನ್ನುತ್ತದೆ. ಹೊತ್ತು ಹೊತ್ತಿಗೆ ಸೊಪ್ಪು ಬೀಳಲೇಬೇಕು. ಆದರೆ ಸೂತಕದವರು ಹುಳದ ಮನೆಗೆ ಕಾಲಿಡುವಂತಿಲ್ಲ. ಸಾವಿನ ಮನೆಗೆ ಹೋಗಿ ಬಂದವರನ್ನೂ ಬಿಡುತ್ತಿರಲಿಲ್ಲ. ಹೆಣವನ್ನು ಪಡಸಾಲೆಯಲ್ಲಿ ಕೂರಿಸಿತ್ತು, ಗೋಡೆಯ ಆಚೆಗೆ ಹುಳು. ಆಚೆ ಬೀದಿಯ ದೊಡ್ಡವ್ವನೊಬ್ಬಳು ನಮ್ಮ ಮನೆಗೆ ಬರದೆ, ಹೆಣ ನೋಡದೆ, ಹಿತ್ತಲ ಬಾಗಿಲಿಂದ ನೇರವಾಗಿ ಹುಳದ ಮನೆಗೆ ಹೋಗಿ ತಟ್ಟೆಗಳಿಗೆ ಸೊಪ್ಪು ಹಾಕಿದಳು. ಅಜ್ಜಿಯ ಜೊತೆಗಾತಿ ಆಕೆ. ಕಡೆಯ ಸಾರಿ ಮುಖ ನೋಡಲಿಲ್ಲ. ಅವ್ವ ಅತ್ತು ಅತ್ತು ಊದಿದ ಮುಖದಲ್ಲೇ ಹಿತ್ತಲಿಗೆ ಬಂದು ದೂರದಲ್ಲಿ ನಿಂತು, “ಅಕ್ಕಯ್ಯ, ಸೊಪ್ಪು ಒದ್ದೆ ಐತೆ, ಒರೆಸಿ ಹಾಕು. ಸಪ್ಪೆ ರೋಗ ಬಂದ್ಬುಟ್ಟಾತು” ಎಂದು ಕೂಗಿ ಮತ್ತೆ ಹೆಣದ ಹತ್ತಿರ ಹೋಗಿ ಕೂತಳು.

ರಾತ್ರಿ ಭಜನೆಯವರು ಬಂದರು. ಹಾರ್ಮೋನಿಯಂ, ದಮ್ಮಡಿ, ತಾಳ. ನಮ್ಮ ಕಡೆ ಸಾವಿನ ಮನೆಯಲ್ಲಿ ಬೆಳಗಾಗುವ ತನಕ ತತ್ವಪದ ಹೇಳುತ್ತಾರೆ. ಪಂಜರ ಬಿಟ್ಟ ಗಿಳಿ, ಒಂಬತ್ತು ಬಾಗಿಲಿನ ಮನೆ, ಒಡೆದ ಮಡಕೆ, ಮುಗಿದ ಸಂತೆ. ಗಂಡಸರು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು, ಚೆನ್ನಾಗಿಯೇ ಹಾಡುತ್ತಿದ್ದರು. ನಡುವೆ ಹಾಡು ನಿಂತು ಬೀಡಿ ಕಾಫಿಗೆ ಎದ್ದಾಗ ಗೋಡೆಯ ಆಚೆಯಿಂದ ಹುಳು ಸೊಪ್ಪು ಕತ್ತರಿಸುವ ಸದ್ದು ಕೇಳುತ್ತಿತ್ತು. ಬೆಳಿಗ್ಗೆ ಕನಕಪುರದ ಮೊದಲ ಬಸ್ಸಿಗೆ ಅತ್ತೆ ಬಂದಳು. ಬೀದಿಯ ತುದಿಯಿಂದಲೇ ಹಾಡಿಕೊಂಡು ಅಳುತ್ತ ಬಂದಳು. ಅವಳ ಅಳುವಿನಲ್ಲಿ ಗಿಳಿಯೂ ಇಲ್ಲ, ಪಂಜರವೂ ಇಲ್ಲ. ಬಾಣಂತನದಲ್ಲಿ ಹಾಕಿದ ಸಾಂಬ್ರಾಣಿ ಹೊಗೆ, ತವರಿಂದ ಹೊರಟಾಗ ಸೆರಗಿಗೆ ಕಟ್ಟಿಕೊಟ್ಟ ಹುರಿಗಡಲೆ, ಮಗಳಿಗೆ ಹಾಡಿದ ಜೋಗುಳ, ಹೋದ ಸಾರಿ ಬಂದಾಗ ಒಂದು ದಿನ ಇರು ಅಂದದ್ದು, ಇರದೆ ಹೋದದ್ದು. ಒಂದೊಂದೇ ಎತ್ತಿ ಹೇಳಿ ಅತ್ತಳು. ಭಜನೆಯವರು ತಾಳ ಕೆಳಗಿಟ್ಟರು.

ಕಾವ್ಯದಲ್ಲಿ ಸಾವು ಬಂದಾಗಲೆಲ್ಲ ನನಗೆ ಈ ಎರಡು ಬಗೆಯ ಹಾಡು ನೆನಪಾಗುತ್ತವೆ. ಹುಟ್ಟಿಗೆ ಉಪಮೆ ಅಷ್ಟಾಗಿ ಬೇಕಾಗುವುದಿಲ್ಲ. ಸಾವಿಗೆ ಬೇಕು, ಅದೂ ಸ್ವಲ್ಪ ದೂರದಲ್ಲಿ ನಿಂತವರಿಗೆ. ಹತ್ತಿರದವರು ವಸ್ತುಗಳ ಹೆಸರು ಹೇಳುತ್ತಾರೆ. ತತ್ವಪದ ಕಡಿಮೆಯದು ಎನ್ನುತ್ತಿಲ್ಲ. ಹನ್ನೊಂದು ದಿನ ಕಳೆದು ತಿಥಿಯೂ ಮುಗಿದು ಎಲ್ಲರೂ ಹೋದ ಮೇಲೆ ಅಪ್ಪ ಗುನುಗುತ್ತಿದ್ದದ್ದು ಆ ಗಿಳಿಯ ಪದವನ್ನೇ.

ಹೈಸ್ಕೂಲಿನಲ್ಲಿ ಅಕ್ಕಮಹಾದೇವಿಯ ವಚನವೊಂದು ಪಾಠಕ್ಕಿತ್ತು. ಹುಳು ತನ್ನ ಮೈಯ ನೂಲಿನಿಂದಲೇ ಮನೆ ಕಟ್ಟಿಕೊಂಡು, ಆ ನೂಲೇ ಸುತ್ತಿಕೊಂಡು ಸಾಯುವ ಹಾಗೆ ನಾನೂ ಮನಸ್ಸಿನ ಆಸೆಯಲ್ಲಿ ಬೇಯುತ್ತಿದ್ದೇನೆ, ಚೆನ್ನಮಲ್ಲಿಕಾರ್ಜುನ, ಬಿಡಿಸು ಎನ್ನುವ ಭಾವ. ನಮ್ಮ ತಾಲ್ಲೂಕಿನಲ್ಲಿ ವಚನಕ್ಕೇನೂ ಬರವಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ ವೀರಾಪುರ ಇರುವುದೇ ಮಾಗಡಿ ತಾಲ್ಲೂಕಿನಲ್ಲಿ. ಅವರ ಮಠದಲ್ಲಿ ಓದಿ ಬಂದ ಹುಡುಗರು ಊರೂರಲ್ಲೂ ಇದ್ದರು, ನಿದ್ದೆಯಲ್ಲಿ ಎಬ್ಬಿಸಿದರೂ ವಚನ ಒಪ್ಪಿಸುತ್ತಿದ್ದರು. ನಾನು ಪರೀಕ್ಷೆಗೆಂದು ಈ ವಚನವನ್ನು ಜೋರಾಗಿ ಉರು ಹೊಡೆಯುತ್ತಿದ್ದೆ. ಅವ್ವ ಹುಳು ಗೂಡು ಕಟ್ಟುವ ಚಂದ್ರಿಕೆ ತಡಿಕೆಯ ಹತ್ತಿರ ಕೂತು ಹಣ್ಣಾದ ಹುಳು ಆರಿಸುತ್ತಿದ್ದಳು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ಮೈ ಪಾರದರ್ಶಕವಾಗಿ ತಲೆಯೆತ್ತಿ ಆಕಡೆ ಈಕಡೆ ಆಡಿಸುತ್ತದೆ, ದಾರದ ತುದಿ ಅಂಟಿಸಲು ಜಾಗ ಹುಡುಕುತ್ತದೆ. ಅಂಥದ್ದೊಂದನ್ನು ಅಂಗೈಯಲ್ಲಿ ಇಟ್ಟುಕೊಂಡೇ ಅವ್ವ ಕೇಳಿದಳು:

“ಆಯಮ್ಮ ಹುಳ ಮೇಯಿಸಿದ್ಲಾ?”

“ಯಾರು?”

“ಅದೇ, ಆ ವಚನದ ಆಯಮ್ಮ. ಗೂಡು ಕಟ್ಕಂಡ್ರೆ ಹುಳ ಎಲ್ಲಿ ಸಾಯ್ತದೆ? ನಾವು ಬೇಯಿಸುದ್ರೆ ಸಾಯ್ತದೆ.”

ಮೇಷ್ಟ್ರನ್ನು ಕೇಳಿದೆ. ಅದು ದೃಷ್ಟಾಂತ ಕಣೋ, ಅದನ್ನೆಲ್ಲ ಹಾಗೆ ನೋಡಬಾರದು ಎಂದರು. ಅವರು ಹೇಳಿದ್ದೂ ಸರಿಯೇ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಕ್ಕ 12ನೇ ಶತಮಾನದವಳು. ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಕಸುಬು ಬೇರೂರಿದ್ದು ಟಿಪ್ಪುವಿನ ಕಾಲದಲ್ಲಿ, 18ನೇ ಶತಮಾನದ ಕೊನೆಗೆ. ತನ್ನ ಗೂಡಿನಲ್ಲಿ ತಾನೇ ಸಿಕ್ಕಿಬೀಳುವ ಕೋಶಕಾರ ಕೀಟ ಅಕ್ಕನಿಗಿಂತ ಎಷ್ಟೋ ಹಳೆಯದು, ಮಹಾಭಾರತದ ಶಾಂತಿಪರ್ವದಲ್ಲಿಯೇ ಅದು ಬಂದಿದೆ. ವೈರಾಗ್ಯ ಹೇಳುವವರಿಗೆಲ್ಲ ಅದು ಒದಗಿದೆ. ಅವರೆಲ್ಲ ಗೂಡು ಮುಚ್ಚಿಕೊಳ್ಳುವ ತನಕ ನೋಡಿದರು. ಇನ್ನು ಹತ್ತು ದಿನ ಕಾಯಲಿಲ್ಲ. ಕಾದಿದ್ದರೆ ಉಪಮೆ ಅವರ ಕೈ ಬಿಡುತ್ತಿತ್ತು. ಸಂಸಾರ ಎನ್ನುವುದು ಹುಳುವನ್ನು ಕೊಲ್ಲುವುದಿಲ್ಲ, ಇನ್ನೊಂದು ಹುಟ್ಟಿಗೆ ದಾಟಿಸುತ್ತದೆ ಎಂದಾಗಿಬಿಡುತ್ತಿತ್ತು. ಅದು ಅವರಿಗೆ ಇನ್ನೂ ದೊಡ್ಡ ತಲೆನೋವು.

ಅವ್ವನ ಪ್ರಶ್ನೆಯನ್ನು ಕನ್ನಡ ಕಾವ್ಯಕ್ಕೆ ದೊಡ್ಡ ದನಿಯಲ್ಲಿ ಕೇಳಿದವರು ನಮ್ಮ ತಾಲ್ಲೂಕಿನವರೇ. ಕವಿ ಸಿದ್ಧಲಿಂಗಯ್ಯ ಹುಟ್ಟಿದ್ದು ಮಾಗಡಿಯ ಮಂಚನಬೆಲೆಯಲ್ಲಿ, 1954ರಲ್ಲಿ. ಅವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ದುಡಿದವರು, ಹಸಿದವರು, ಒದೆ ತಿಂದವರು ಅಲ್ಲಿ ಇನ್ನೊಂದಕ್ಕೆ ಹೋಲಿಕೆಯಾಗಿ ಬರಲಿಲ್ಲ, ತಾವೇ ಬಂದರು. ಅವರ ಆತ್ಮಕಥೆ ‘ಊರುಕೇರಿ’ಯಲ್ಲಿ ನೇಗಿಲಿಗೆ ಎತ್ತಿನ ಬದಲು ಇಬ್ಬರು ಮನುಷ್ಯರನ್ನು ಹೂಡಿದ ಒಂದು ಚಿತ್ರವಿದೆ. ಹೂಡಿಸಿಕೊಂಡವರಲ್ಲಿ ಒಬ್ಬರು ಅವರ ತಂದೆ. ಮನುಷ್ಯನನ್ನು ಎತ್ತಿಗೆ ಹೋಲಿಸಿ ಬರೆದ ಪದ್ಯ ಎಷ್ಟೋ ಇವೆ. ಇದನ್ನು ಓದಿದ ಮೇಲೆ ಅವುಗಳನ್ನು ಓದುವುದು ಕಷ್ಟ. 2021ರ ಜೂನ್ 11ರಂದು ಕೋವಿಡ್ ಅವರನ್ನು ಕರೆದುಕೊಂಡು ಹೋಯಿತು. ಆ ಎರಡನೇ ಅಲೆಯಲ್ಲಿ ಸತ್ತವರಿಗೆ ನಮ್ಮೂರಲ್ಲಿ ಭಜನೆಯೂ ಇರಲಿಲ್ಲ, ಹಾಡಿಕೊಂಡು ಅಳುವವರನ್ನೂ ಹತ್ತಿರ ಬಿಡಲಿಲ್ಲ. ಅಪ್ಪ ಹೋದದ್ದೂ ಆಗಲೇ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

ಅವ್ವ ಈಗ ಕೋಠಿಗೆ ಹೋಗುವುದಿಲ್ಲ. ನಮ್ಮ ತೋಟದಲ್ಲೂ ಹಿಪ್ಪುನೇರಳೆ ಇಲ್ಲ. ಒಂದು ಭಾಗ ಅಡಿಕೆಗೆ ಹೋಯಿತು, ಇನ್ನೊಂದು ಭಾಗದ ಮೇಲೆ ಲೇಔಟಿನವರ ಕಣ್ಣಿದೆ. ಚಿಕ್ಕಪ್ಪನ ಮಗ ಮಾತ್ರ ಮರಿಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಹುಳು ತಂದು ಹೊಸ ಶೆಡ್ಡಿನಲ್ಲಿ ಮೇಯಿಸುತ್ತಾನೆ, ಅದೂ ಬಿಳಿ ದ್ವಿತಳಿ. ಕಾನೂನು ಏನಾಯಿತೋ ಅಂದರೆ ನಗುತ್ತಾನೆ. ಹೋದ ಸಲ ಊರಿಗೆ ಹೋದಾಗ ಅವ್ವನ ಎದುರು ಕೂತು, ಹುಳುವಿನ ಮೇಲೆ ಬೇರೆ ದೇಶದವರು ಏನು ಬರೆದಿದ್ದಾರೆ ಎಂದು ಹೇಳತೊಡಗಿದೆ. ಅವಳಿಗೆ ಇಂಥವು ಇಷ್ಟ. ತಪ್ಪು ಹಿಡಿಯಬಹುದಲ್ಲ.

ಒಂಬತ್ತನೇ ಶತಮಾನದ ಚೀನಾದ ಕವಿ ಲಿ ಷಾಂಗ್‌ಯಿನ್. ಅಗಲಿಕೆಯ ಪದ್ಯವೊಂದರಲ್ಲಿ ಅವನು ಹುಳುವನ್ನು ತರುತ್ತಾನೆ. ಸಾಯುವ ತನಕ ಅದರ ನೂಲು ಮುಗಿಯುವುದಿಲ್ಲ, ಪ್ರೀತಿಯೂ ಹಾಗೆ ಎಂಬ ಅರ್ಥ ಬರುತ್ತದೆ. ರೇಷ್ಮೆಯನ್ನು ಲೋಕಕ್ಕೆ ಕೊಟ್ಟ ನಾಡಿನವನು, ಇವನನ್ನಾದರೂ ಅವ್ವ ಒಪ್ಪಿಯಾಳು ಅಂದುಕೊಂಡೆ. ಅವ್ವ ಸ್ವಲ್ಪ ಯೋಚಿಸಿದಳು. “ನೂಲು ಮುಗಿಯೋದು ಮೊದ್ಲು ಕಣಪ್ಪ. ಸಾಯೋದು ಆಮೇಲೆ. ಸುತ್ತಿ ಮುಗಿಸ್ಬುಟ್ಟು ಒಳಗೆ ಪೊರೆ ಬಿಟ್ಟು ಮನಿಕ್ಕಂತದೆ” ಅಂದಳು.

ಆಮೇಲೆ ಆವಿಲಾದ ತೆರೇಸಾಳ ಕತೆ ಹೇಳಿದೆ. ಸ್ಪೇನಿನ ಸನ್ಯಾಸಿನಿ. 1577ರಲ್ಲಿ ಅವಳು ಆತ್ಮವನ್ನು ಏಳು ನಿವಾಸಗಳ ಕೋಟೆಯೆಂದು ಬಗೆದು ಒಂದು ಪುಸ್ತಕ ಬರೆದಳು. ಐದನೆಯ ನಿವಾಸದಲ್ಲಿ ರೇಷ್ಮೆ ಹುಳು ಬರುತ್ತದೆ. ಸಣ್ಣ ಬೀಜದಂಥ ಮೊಟ್ಟೆ, ಸೊಪ್ಪು ತಿಂದು ಬೆಳೆದ ಹುಳು, ಅದು ಕಟ್ಟಿಕೊಂಡ ಗೂಡು. ಆ ಗೂಡು ಅವಳಿಗೆ ದೇವರು. ವಿಕಾರ ಹುಳು ಅದರೊಳಗೆ ಸತ್ತು ಬಿಳಿಯ ಚಿಟ್ಟೆಯಾಗಿ ಬರುತ್ತದೆ. ಇದನ್ನೆಲ್ಲ ತಾನು ಕಣ್ಣಾರೆ ಕಂಡಿಲ್ಲ, ಕೇಳಿ ಬಲ್ಲೆ ಅಷ್ಟೆ ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. ನಮ್ಮ ಅಕ್ಕನಿಗೆ ಸಂಸಾರದ ಬಲೆಯಾಗಿ ಕಂಡದ್ದು ನಾಲ್ಕು ಶತಮಾನದ ಆಚೆ ಇನ್ನೊಬ್ಬ ಸನ್ಯಾಸಿನಿಗೆ ಬಿಡುಗಡೆಯ ಮನೆಯಾಗಿ ಕಂಡಿತು. ಇಬ್ಬರಿಗೂ ಒಂದೇ ಹುಳು. ಒಬ್ಬಳದು ರಾಮನಗರದ ಗೂಡು, ಇನ್ನೊಬ್ಬಳದು ಮಾಗಡಿಯದು.

ಅವ್ವ ಗಮನವಿಟ್ಟು ಕೇಳಿದಳು. “ಆಯಮ್ಮಂಗೆ ಯಾರೋ ಕೋಠಿನೋರೇ ಹೇಳವ್ರೆ” ಅಂದಳು.

“ಇರಬೇಕು.”

“ಮೊಟ್ಟೆ ಇಟ್ಟಮೇಲೆ ಆ ಚಿಟ್ಟೆ ಏನಾಯ್ತಂತೆ?”

ಏಳನೆಯ ನಿವಾಸಕ್ಕೆ ಬರುವ ಹೊತ್ತಿಗೆ ತೆರೇಸಾಳ ಚಿಟ್ಟೆ ಸಾಯುತ್ತದೆ. ಸಂತೋಷದಿಂದಲೇ ಸಾಯುತ್ತದೆ, ದೇವರೇ ಅದರ ಬದುಕಾಗಿರುವುದರಿಂದ ಅದಕ್ಕೆ ಬೇರೆ ಬದುಕು ಬೇಡವಾಗುತ್ತದೆ. ಅದನ್ನೂ ಹೇಳಿದೆ.

“ಅರೆದು ನೋಡಿದ್ರಂತಾ?” ಅಂದಳು ಅವ್ವ.